ಕ್ರೌನ್ ಸೋರಾಕತ್ತೈತ್ರೀ!

ಸ್ಪೋರ್ಟ್ಸ್ ಕಾರಿನ ಹೊಟ್ಟೆಯಿಂದ ಒಂದು ಹನಿ ಎಣ್ಣೆ ಬಿದ್ದರೆ ಸಾಕು, ಓಣಿ ತುಂಬ ಪರಿಣಿತರು ಏಳುತ್ತಾರೆ. ಹಾಲು ಹಾಕಲು ಬಂದವ ನಿಂತ ಕಾಲಲ್ಲೇ ‘ಎಂಜಿನ್ ಹೋತ್ ನೋಡ್ರಿ ಸಾಹೇಬ್ರ’ ಎಂದು ಹೇಳಿ ಮುಂದಿನ ಮನೆಗೆ ಹೋಗುತ್ತಾನೆ. ಎದುರುಮನೆ ಕಾಕಾ ಬಗ್ಗಿ ನೋಡಿ, ಸಾಲದೆ ಕುಕ್ಕರಗಾಲಲ್ಲಿ ಕೂತು ನೋಡಿ, ‘ಏಸಿ ನೀರದು, ಬಿಡೋ ತಮ್ಮಾ’ ಎಂದು ಕೇಸು ಮುಗಿಸುತ್ತಾರೆ. ಮನೆಯೊಳಗಿನವರ ತಕರಾರು ಬೇರೆ: ಶಹಾಬಾದ್ ಫರಸಿಯ ಮೇಲೆ ಕಲೆ ಬಿದ್ದಿದೆ, ಅದೂ ಸರಿಯಾಗಿ ರಂಗೋಲಿ ಹಾಕುವ ಜಾಗದಲ್ಲಿ. ಇಷ್ಟು ಜನರಲ್ಲಿ ಒಬ್ಬರೂ ಆ ಹನಿಯನ್ನು ಬೆರಳಿಗೆ ಹಚ್ಚಿಕೊಂಡು ಮೂಸುವುದಿಲ್ಲ. ಮೂಸಿದ್ದರೆ ಅರ್ಧ ಪತ್ತೆ ಅಲ್ಲೇ ಆಗುತ್ತಿತ್ತು.

ಎಂಜಿನ್ನಿನ ತಿರುವನ್ನು ಎರಡೂ ಗಾಲಿಗೆ ಹಂಚುವ ಗೇರುಗಳ ಗೂಡಾದ ಡಿಫರೆನ್ಷಿಯಲ್ಲಿನ, ಅಂದರೆ ಮಿಸ್ತ್ರಿಗಳ ‘ಕ್ರೌನ್’ನ, ಎಣ್ಣೆಯನ್ನು ಮೂಗು ಎಂದೂ ತಪ್ಪಿ ಗುರುತಿಸುವುದಿಲ್ಲ. ಒಳಗೆ ಪಿನಿಯನ್ ಎಂಬ ಚಿಕ್ಕ ಗೇರಿನ ಹಲ್ಲು ಕ್ರೌನ್ ಎಂಬ ದೊಡ್ಡ ಗೇರಿನ ಹಲ್ಲಿನ ಮೇಲೆ ಬರೀ ಉರುಳುವುದಿಲ್ಲ, ಒತ್ತಿಕೊಂಡು ಜಾರುತ್ತದೆ. ಸಾದಾ ಎಣ್ಣೆಯ ಪದರು ಆ ಒತ್ತಡಕ್ಕೆ ಹರಿದುಹೋಗುತ್ತದೆ. ಅದಕ್ಕೆಂದೇ ಗಂಧಕ, ರಂಜಕದ ಅಂಶ ಬೆರೆಸಿದ ಜಿಎಲ್-5 ದರ್ಜೆಯ ಗೇರ್ ಎಣ್ಣೆ. ಗಂಧಕವು ಲೋಹದ ಮೇಲೆ ತೆಳು ಪೊರೆ ಕಟ್ಟಿ ಹಲ್ಲು ಕಾಯುತ್ತದೆ. ಹಲ್ಲು ಉಳಿಯುತ್ತದೆ, ಮೂಗಿನ ಗತಿ ಮಾತ್ರ ಕೇಳಬೇಡಿ. ಕೊಳೆತ ಮೊಟ್ಟೆ, ಹಳೇ ಬೆಳ್ಳುಳ್ಳಿ, ಸುಟ್ಟ ರಬ್ಬರು ಮೂರೂ ಒಟ್ಟಿಗೆ ಮನೆಗೆ ಬಂದ ಅನುಭವ. ಹನಿ ನೀರಾಗಿದ್ದು ವಾಸನೆ ಇಲ್ಲದಿದ್ದರೆ ಕಾಕಾ ಹೇಳಿದ ಏಸಿ ನೀರು. ತೆಳ್ಳಗೆ ಕಪ್ಪಗಿದ್ದರೆ ಎಂಜಿನ್ ಎಣ್ಣೆ. ಹಿಂದಿನ ಗಾಲಿಯ ಒಳಮಗ್ಗುಲಲ್ಲಿ ತೆಳ್ಳಗೆ, ತುಸು ಹಳದಿಯಾಗಿ ಜಾರುತ್ತಿದ್ದರೆ ಬ್ರೇಕ್ ಎಣ್ಣೆ, ಅಂಥ ಗಾಡಿಯನ್ನು ಗೇಟಿನಾಚೆ ಒಯ್ಯಲೇಬೇಡಿ.

ಗಾಡಿಗೆ ಹಿಂದೆ ಕ್ರೌನ್ ಇದೆಯೇ ಎಂಬುದನ್ನೂ ಮೊದಲು ವಿಚಾರಿಸಿಕೊಳ್ಳುವುದು ಒಳ್ಳೆಯದು. ಎಂಜಿನ್ ಮುಂದಿದ್ದು ಹಿಂದಿನ ಗಾಲಿ ತಿರುಗುವ ಮಸ್ಟ್ಯಾಂಗ್, ಝಡ್4, ನಮ್ಮ ಹಳೇ ಕಾಂಟೆಸಾ ಇವಕ್ಕೆಲ್ಲ ಇದೆ. ರೆನೋ ಎಂಜಿನ್ನಿನ ಎರಡು ಸೀಟಿನ ಸ್ಯಾನ್ ಸ್ಟಾರ್ಮ್ ನೋಡಲು ಸ್ಪೋರ್ಟ್ಸ್ ಕಾರೇ, ಆದರೆ ಅದನ್ನು ಎಳೆಯುವುದು ಮುಂದಿನ ಗಾಲಿ. ಅದರ ಡಿಫರೆನ್ಷಿಯಲ್ ಗೇರ್‌ಬಾಕ್ಸಿನ ಹೊಟ್ಟೆಯಲ್ಲೇ ಇದೆ. ಸೀಲ್ ಎಂದರೆ ಶಾಫ್ಟಿನ ಸುತ್ತ ಎಣ್ಣೆ ತಡೆಯುವ ರಬ್ಬರ್ ಉಂಗುರ; ‘ಹಿಂದಿನ ಕ್ರೌನ್ ಸೀಲ್ ಬದಲಿ’ ಎಂದು ಬಿಲ್ಲು ಮಾಡಿ ಅದರ ಮಾಲಕರ ಕೈಗೆ ಯಾರಾದರೂ ಕೊಟ್ಟರೆ, ಆ ಬಿಲ್ಲಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಬಹುದು.

ಹನಿ ಕಂಡ ಕೂಡಲೇ ಎದೆ ಒಡೆದುಕೊಳ್ಳುವವರಿಗೆ ಒಂದಿಷ್ಟು ಲೆಕ್ಕ. ಒಂದು ಹನಿ ಎಂದರೆ ಅಂದಾಜು 0.05 ಮಿಲಿ. ಚಿಕ್ಕ ಸ್ಪೋರ್ಟ್ಸ್ ಕಾರಿನ ಕ್ರೌನ್ ಹಿಡಿಯುವುದು ಹೆಚ್ಚುಕಡಿಮೆ 1 ಲೀಟರು. ದಿನಕ್ಕೆ ಐದು ಹನಿ ಬಿದ್ದರೂ 100 ಮಿಲಿ ಖಾಲಿಯಾಗಲು ವರ್ಷದ ಮೇಲೆ ಒಂದು ತಿಂಗಳು ಬೇಕು. ಹೀಗೆಂದು ಚಾದರ ಹೊದ್ದು ಮಲಗುವ ಹಾಗೂ ಇಲ್ಲ. ನಿಂತ ಗಾಡಿಯ ತಣ್ಣಗಿನ ಎಣ್ಣೆ ಮಂದ, ಅದು ಹನಿಯುವುದೇ ಕಡಿಮೆ. ಓಡುವಾಗ ಬಿಸಿಯಾಗಿ ತೆಳ್ಳಗಾದ ಎಣ್ಣೆ ಎಷ್ಟು ಹೋಯಿತೆಂದು ಫರಸಿ ಹೇಳುವುದಿಲ್ಲ. ಓಡಿಸಿ ಬಂದ ತಕ್ಷಣ ಕೆಳಗೆ ಹಳೇ ರಟ್ಟು ಹಾಸಿ ನೋಡಬೇಕು. ಕ್ರೌನ್ ಮೇಲೆ ಬರೀ ಪಸೆಯಿದ್ದು ಧೂಳು ಕಚ್ಚಿದ್ದರೆ ಒರೆಸಿ ಕಣ್ಣಿಟ್ಟರೆ ಸಾಕು. ರಟ್ಟಿನ ಮೇಲೆ ರೂಪಾಯಿ ಅಗಲದ ಕಲೆ ಬಿದ್ದರೆ ರಿಪೇರಿಯ ತಾರೀಖು ಗೊತ್ತುಮಾಡಿ. ಸೈಲೆನ್ಸರ್ ಪೈಪಿಗೆ ತಾಗಿ ಹೊಗೆಯೆದ್ದರೆ, ಅಥವಾ ಕಾಂಟೆಸಾದಂಥ ಗಾಡಿಯಲ್ಲಿ ಆಕ್ಸಲ್ ಸೀಲ್ ದಾಟಿ ಬ್ರೇಕ್ ಡ್ರಮ್ಮಿನೊಳಗೆ ಇಳಿದರೆ ತಾರೀಖು ಇವತ್ತೇ. ಇನ್ನು 60–80ರ ವೇಗದಲ್ಲಿ ಆಕ್ಸಿಲರೇಟರ್ ಒತ್ತಿದಾಗ ಒಂದು ರಾಗ, ಬಿಟ್ಟಾಗ ಇನ್ನೊಂದು ರಾಗ ಕೇಳತೊಡಗಿದರೆ, ಕೀಲೆಣ್ಣೆ ಕಾಣದ ಚಕ್ಕಡಿಯ ಹಾಗೆ ಒಳಗೆ ಬೇರಿಂಗ್ ಇಲ್ಲವೇ ಗೇರಿನ ಹಲ್ಲು ಸವೆದು ಅರಚುತ್ತಿದೆ ಎಂದರ್ಥ. ಆಗ ಸೀಲಿನ ಮಾತು ಬಿಟ್ಟು ಬೇರಿಂಗು, ಹಲ್ಲಿನ ಮಾತಾಡಬೇಕು.

ಈಗ ಕಳ್ಳನನ್ನು ಹಿಡಿಯುವ ಕೆಲಸ. ಹನಿ ಬೀಳುವ ಜಾಗವೇ ಸೋರುವ ಜಾಗ ಎಂದುಕೊಂಡವರು ಅರ್ಧ ಡಜನ್ ಸೀಲು ಬದಲಿಸುತ್ತಾರೆ. ಓಡುವ ಗಾಡಿಯ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ; ಮುಂದೆ ಸೋರಿದ್ದು ಹಿಂದಿನ ಮುಚ್ಚಳದ ತುದಿಗೆ ಬಂದು ತೊಟ್ಟಿಕ್ಕುತ್ತದೆ, ಬೈಗುಳ ಪಾಪ ಮುಚ್ಚಳಕ್ಕೆ. ಕ್ರೌನ್ ಗೂಡನ್ನು ಡೀಸೆಲ್ ಮತ್ತು ಬ್ರಷ್ಷಿನಿಂದ ತಿಕ್ಕಿ, ಒರೆಸಿ, ಒಣಗಿಸಿ, ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿ. ಯಾವ ಕಂಪನಿಯದಾದರೂ ನಡೆದೀತು, ಮನೆಯವರ ದುಬಾರಿ ಡಬ್ಬಿಗೆ ಕೈ ಹಾಕಬೇಡಿ. ಆಮೇಲೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಒಂದು ಓಟ. ಸುಮಾರು 20 ಕಿಲೋಮೀಟರು, ಎಣ್ಣೆ ಕಾಯಲು ಹೇಳಿ ಮಾಡಿಸಿದ ದೂರ. ಧಾರವಾಡ ಮುಟ್ಟಿದ ಮೇಲೆ ಪೇಢೆಗೆ ಮೊದಲು ಗಾಡಿಯ ಕೆಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿ. ಬಿಳಿ ಪುಡಿಯಲ್ಲಿ ಒದ್ದೆ ಗೆರೆ ಎಲ್ಲಿಂದ ಶುರುವಾಗಿದೆಯೋ ಆ ಮೇಲ್ತುದಿಯೇ ಕಳ್ಳನ ಮನೆ.

ಪಿನಿಯನ್ ಸೀಲ್ ಹೋಗಿದ್ದರೆ ಎಣ್ಣೆ ಬರೀ ತೊಟ್ಟಿಕ್ಕುವುದಿಲ್ಲ, ಓಡುವಾಗ ಎರಚುತ್ತದೆ. ಲೆಕ್ಕ ಹಾಕಿ: ಟೈರಿನ ಸುತ್ತಳತೆ 2 ಮೀಟರು, ವೇಗ ಗಂಟೆಗೆ 100 ಕಿಮೀ, ಕ್ರೌನ್ ಅನುಪಾತ 3.7 (ಗಾಲಿಯ ಒಂದು ಸುತ್ತಿಗೆ ಶಾಫ್ಟಿನ 3.7 ಸುತ್ತು) ಇದ್ದರೆ, ಮುಂದಿನಿಂದ ಪಿನಿಯನ್ನಿಗೆ ತಿರುವು ತರುವ ಪ್ರೊಪೆಲ್ಲರ್ ಶಾಫ್ಟು ನಿಮಿಷಕ್ಕೆ 3 ಸಾವಿರ ಸುತ್ತು ದಾಟುತ್ತದೆ. ಆ ಶಾಫ್ಟು ಪಿನಿಯನ್ನಿಗೆ ಕೂಡುವ ಬಿಲ್ಲೆಯ, ಅಂದರೆ ಫ್ಲ್ಯಾಂಜಿನ, ನೇರಕ್ಕೆ ಗಾಡಿಯ ತಳದಲ್ಲಿ ಕಪ್ಪು ಪಟ್ಟೆ ಬಳಿದಿರುತ್ತದೆ. ಅಕ್ಕಪಕ್ಕದ ಸೀಲುಗಳಾದರೆ ಗಾಲಿಗೆ ಹೋಗುವ ಹಾಫ್ ಶಾಫ್ಟ್ ಒಳಹೊಗುವಲ್ಲಿ ಒದ್ದೆ. ಅಲ್ಲೇ ರಬ್ಬರ್ ಬೂಟ್ ಹರಿದು ಕಪ್ಪು ಗ್ರೀಸು ಗಡ್ಡೆಗಡ್ಡೆಯಾಗಿ ಸಿಡಿದಿದ್ದರೆ ಅದು ಬೇರೆಯೇ ರೋಗ, ಬೇರೆಯೇ ಬಿಲ್ಲು. ಡ್ರೇನ್ ಪ್ಲಗ್ ಒದ್ದೆಯಾಗಿದ್ದರೆ ನಿಮ್ಮ ಪುಣ್ಯ, ಹೊಸ ವಾಶರಿನಲ್ಲಿ ಮುಗಿಯಿತು.

ಆದರೆ ಯಾವ ಸೀಲಿಗೂ ಕೈ ಹಚ್ಚುವ ಮೊದಲು ಬ್ರೀದರ್ ನೋಡಿ. ಕ್ರೌನ್ ನೆತ್ತಿಯ ಮೇಲಿನ ಬೆರಳುಗಾತ್ರದ ಟೊಪ್ಪಿಗೆ ಅದು, ಕೆಲವು ಗಾಡಿಗಳಲ್ಲಿ ಸಣ್ಣ ಪೈಪು. ಎಣ್ಣೆ ಕಾದಾಗ ಒಳಗಿನ ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿಗೆ ಹೋಗಲು ಇದೊಂದೇ ದಾರಿ. ನಮ್ಮ ಎರಿಮಣ್ಣಿನ ಸೀಮೆಯಲ್ಲಿ ಅಣ್ಣಿಗೇರಿ ಕಡೆ ಮಳೆಗಾಲದಲ್ಲಿ ಒಮ್ಮೆ ಹೋಗಿಬಂದರೆ ಆ ಟೊಪ್ಪಿಗೆಗೆ ಕೆಸರು ಮೆತ್ತಿ, ಒಣಗಿ, ಗಚ್ಚು ಹಿಡಿಯುತ್ತದೆ. ದಾರಿ ಮುಚ್ಚಿದ ಗಾಳಿ ಎಲ್ಲಕ್ಕಿಂತ ಬಡವಾದ ಸೀಲನ್ನು ಹುಡುಕಿ ಅದರ ತುಟಿಯಿಂದ ಎಣ್ಣೆ ಹೊರಗೆ ದಬ್ಬುತ್ತದೆ. ಮಿಸ್ತ್ರಿ ಸೀಲು ಬದಲಿಸುತ್ತಾನೆ, ಹದಿನೈದು ದಿನ ಎಲ್ಲ ಕ್ಷೇಮ, ಮತ್ತೆ ಹನಿ. ‘ಸೀಲು ಡೂಪ್ಲಿಕೇಟ್ ಬಂದಾವ್ರಿ ಈಗ’ ಎಂದು ಪಾರ್ಟ್ಸ್ ಅಂಗಡಿಯವನ ಮೇಲೆ ಗೂಬೆ ಕೂರುತ್ತದೆ. ಬ್ರೀದರನ್ನು ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು ಗಾಳಿ ಹೊಡೆಯಲು ಹತ್ತು ನಿಮಿಷ ಸಾಕು. ಇದೇ ಕಟ್ಟಿದ ಬ್ರೀದರಿನ ಗಾಡಿ ಬಿಸಿಬಿಸಿಯಾಗಿ ಮಳೆನೀರಿಗೆ ಇಳಿದರೆ ಉಲ್ಟಾ: ಒಳಗಿನ ಗಾಳಿ ತಟ್ಟನೆ ಕುಗ್ಗಿ ಸೀಲಿನ ಸಂದಿನಿಂದ ನೀರು ಎಳೆದುಕೊಳ್ಳುತ್ತದೆ. ಪ್ಲಗ್ ಬಿಚ್ಚಿದಾಗ ಎಣ್ಣೆ ಬೆಳ್ಳಗೆ, ಹಾಲು ಬೆರೆತ ಬಣ್ಣಕ್ಕೆ ತಿರುಗಿದ್ದರೆ ಪೂರಾ ಚೆಲ್ಲಿ ಹೊಸದು ಹಾಕುವುದೊಂದೇ ಮದ್ದು.

ಬ್ರೀದರ್ ಸ್ವಚ್ಛ ಇದ್ದೂ ಸೋರಿದರೆ ಗ್ಯಾರೇಜು. ಇಂಥ ಗಾಡಿಯ ತಳಕ್ಕೂ ನೆಲಕ್ಕೂ ಒಂದು ಗೇಣು ಅಂತರವೂ ಇರುವುದಿಲ್ಲ. ಹಲಗೆ ಇಡದೆ ರ‍್ಯಾಂಪ್ ಹತ್ತಿಸಿದರೆ ಮುಂದಿನ ಬಂಪರು ಮೊದಲು ರಿಪೇರಿಗೆ ಬರುತ್ತದೆ. ಜ್ಯಾಕ್ ಎಲ್ಲಿ ಕೊಡಬೇಕೆಂಬುದನ್ನು ಗಾಡಿಯ ಪುಸ್ತಕದಲ್ಲಿ ನೋಡಿ, ಸ್ಟ್ಯಾಂಡ್ ಮೇಲೆ ಕೂಡ್ರಿಸಿ, ಇಟ್ಟಂಗಿಯ ಮೇಲೆ ಬೇಡ. ಇಲ್ಲಿ ನೀವು ಎದುರಿಸಬೇಕಾದ ದೊಡ್ಡ ಅಪಾಯ ಸಿಲಿಕಾನ್ ಟ್ಯೂಬು. ‘ಏನ್ ಬಿಚ್ಚೂದ್ರಿ ಸರ, ಹೊರಗಿಂದ ಹಚ್ಚಿಬಿಡೂಣ್ರಿ’ ಎಂಬ ಮಾತು ಬಂದರೆ ನಯವಾಗಿ ಟ್ಯೂಬು ಕಸಿದುಕೊಳ್ಳಿ. ಎಣ್ಣೆಪಸೆಯ ಮೇಲೆ ಅದು ಕಚ್ಚುವುದಿಲ್ಲ, ತಿರುಗುವ ಶಾಫ್ಟಿನ ಸುತ್ತ ಹಚ್ಚುವುದಂತೂ ಹಾಸ್ಯ. ಅದರ ಜಾಗ ಹಿಂದಿನ ಮುಚ್ಚಳ: ಹಳೇ ಪ್ಯಾಕಿಂಗ್ ಪೂರ್ತಿ ಕೆರೆದು, 3–4 ಮಿಮೀ ದಪ್ಪದ ಒಂದೇ ಎಳೆ, ಬೋಲ್ಟಿನ ತೂತುಗಳ ಒಳಬದಿಯಿಂದ. ಬೋಲ್ಟುಗಳನ್ನು ಎದುರುಬದುರು ಬಿಗಿದು, ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಆರಲು ಬಿಟ್ಟು, ಆಮೇಲೆ ಎಣ್ಣೆ. ಟ್ಯೂಬು ಖಾಲಿಯಾಗುವಷ್ಟು ಬಳಿದರೆ ಹೆಚ್ಚಾದದ್ದು ಒಳಗೆ ಉದುರಿ ಎಣ್ಣೆಯ ಜೊತೆ ಪ್ರವಾಸ ಹೋಗುತ್ತದೆ.

ಪಿನಿಯನ್ ಸೀಲೇ ಬದಲಿಸಬೇಕಾದರೆ ನಟ್ಟು ಬಿಗಿಯುವ ಗಾಳಿ ಗನ್ನನ್ನು ದೂರ ಇಡಿಸಿ. ಪಿನಿಯನ್ ತುದಿಯ ನಟ್ಟಿನ ಬಿಗಿ ಬರೀ ಫ್ಲ್ಯಾಂಜ್ ಹಿಡಿಯುವುದಿಲ್ಲ. ಹೆಚ್ಚಿನ ಗಾಡಿಗಳಲ್ಲಿ ಒಳಗಿನ ಕ್ರಶ್ ಸ್ಲೀವ್ ಎಂಬ ತೆಳು ಕೊಳವೆಯನ್ನು ಜಜ್ಜಿ ಎರಡು ಬೇರಿಂಗುಗಳ ಒತ್ತಡವನ್ನು ಅದೇ ನಿರ್ಧರಿಸುತ್ತದೆ. ಬಿಚ್ಚುವ ಮೊದಲು ನಟ್ಟು, ಪಿನಿಯನ್, ಫ್ಲ್ಯಾಂಜ್ ಮೂರಕ್ಕೂ ಪಂಚ್ ಗುರುತು ಹಾಕಿ, ಪಿನಿಯನ್ ತಿರುಗಿಸಲು ಎಷ್ಟು ಬಲ ಬೇಕಾಯಿತೆಂದು ಸಣ್ಣ ಟಾರ್ಕ್ ರೆಂಚಿನಲ್ಲಿ ಅಳೆದು ಬರೆದಿಡಬೇಕು. ವಾಪಸ್ ಕೂಡಿಸುವಾಗ ಅದೇ ಗುರುತು, ಅದೇ ಬಲ, ಕೂದಲೆಳೆಯಷ್ಟು ಹೆಚ್ಚು. ಹೆಚ್ಚು ಬಿಗಿದು ‘ಲೂಜ್ ಮಾಡಿದ್ರ ಆತು’ ಎಂದರೆ ಆಗುವುದಿಲ್ಲ: ಜಜ್ಜಿದ ಸ್ಲೀವು ಹಿಂದಿನಂತಾಗದು, ಹೊಸದೇ ಬೇಕು. ಸಡಿಲ ಬಿಟ್ಟರೆ ಪಿನಿಯನ್ ಅಲುಗಾಡಿ ಹೊಸ ಸೀಲನ್ನೂ ತಿನ್ನುತ್ತದೆ. ಫ್ಲ್ಯಾಂಜ್ ಕೈಗೆ ಬಂದಾಗ ಸೀಲು ಕೂರುವಲ್ಲಿ ಉಗುರಾಡಿಸಿ ನೋಡಿ. ಉಗುರು ಸಿಕ್ಕಿಕೊಂಡರೆ ಹಳೇ ಸೀಲು ಗೆರೆ ಕೊರೆದಿದೆ. ತೆಳು ಸ್ಟೀಲ್ ಸ್ಲೀವು ಹಾಕದೆ ಹೊಸ ಸೀಲು ಕೂಡಿಸಿದರೆ ಗ್ಯಾರೇಜಿನ ಬಾಗಿಲಲ್ಲೇ ಸೋರುತ್ತದೆ. ಸೀಲಿನ ಮೇಲಿನ ಮೂರು ಅಂಕಿ ಒಳವ್ಯಾಸ, ಹೊರವ್ಯಾಸ, ದಪ್ಪ, ಎಲ್ಲ ಮಿಲಿಮೀಟರಿನಲ್ಲಿ. ಅಂಗಡಿಯಲ್ಲಿ ‘ಇದು ನಡಿತೈತ್ರಿ’ ಎಂದು ಒಂದು ಮಿಲಿ ಹೆಚ್ಚುಕಮ್ಮಿ ಕೊಟ್ಟರೆ ನಡೆಯುವುದಿಲ್ಲ. ಸ್ಪ್ರಿಂಗ್ ಇರುವ ಮಗ್ಗುಲು ಎಣ್ಣೆಯ ಕಡೆಗೆ, ತುಟಿಗೆ ಗ್ರೀಸು, ಹೊರವ್ಯಾಸಕ್ಕೆ ಸರಿಹೋಗುವ ಪೈಪಿನ ತುಂಡಿಟ್ಟು ಸುತ್ತಲೂ ಸಮ ಬಡಿಯಬೇಕು.

ಎಣ್ಣೆ ಇಳಿಸುವಾಗ ಮೊದಲು ಬಿಚ್ಚಬೇಕಾದ್ದು ತುಂಬುವ ಪ್ಲಗ್. ಕೆಳಗಿನದನ್ನು ಬಿಚ್ಚಿ ಎಣ್ಣೆಯೆಲ್ಲ ಹೋದ ಮೇಲೆ ಮೇಲಿನದು ತುಕ್ಕು ಹಿಡಿದು ಅಲುಗದಿದ್ದರೆ ಗಾಡಿ ಹುಬ್ಬಳ್ಳಿಯ ಗೋಕುಲ ರೋಡಿನ ಗ್ಯಾರೇಜಿನ ಕಾಯಂ ನಿವಾಸಿ. ಡ್ರೇನ್ ಪ್ಲಗ್ಗಿಗೆ ಅಯಸ್ಕಾಂತವಿದ್ದರೆ ಅದರ ಮೇಲಿನ ಬೂದುಬಣ್ಣದ ನುಣ್ಣನೆ ಕೆಸರು ಸಹಜ, ಲೋಹದ ಚೂರು ಸಿಕ್ಕರೆ ಚೀಲದಲ್ಲಿ ಹಾಕಿಟ್ಟು ಕ್ರೌನ್ ಬಿಚ್ಚಿಸಿ. ಗಾಡಿ ನೆಲಕ್ಕೆ ಸಮ ಇರಲೇಬೇಕು. ಬರೀ ಹಿಂದೆ ಎತ್ತಿ ತುಂಬಿದರೆ ಎಣ್ಣೆ ಮುಂದಕ್ಕೆ ಸರಿದು, ಹಿಂಬದಿಯ ತೂತು ಇನ್ನೂ ಬೇಕು ಬೇಕು ಅನ್ನುತ್ತದೆ. ಇಳಿಸಿದ ಮೇಲೆ ಹೆಚ್ಚಾದದ್ದು ಬ್ರೀದರಿನಿಂದ ಉಕ್ಕಿ, ಹೊಸ ಸೋರಿಕೆ ಎಂಬ ಕೀರ್ತಿ ಪಡೆಯುತ್ತದೆ. ತುಂಬುವ ತೂತಿನ ಕೆಳ ಅಂಚಿಗೆ ಬಂದು ಹೊರಗೆ ಸಣ್ಣಗೆ ಜಿನುಗಿದರೆ ಮಟ್ಟ ಸರಿ. ಪುಸ್ತಕದಲ್ಲಿ ಎಣ್ಣೆಯ ಮಂದತೆ 75ಡಬ್ಲ್ಯೂ-90 ಎಂದು ಬರೆದಿದ್ದರೆ ಅದನ್ನೇ ಹಾಕಿ, ಡಬ್ಬಿಯಲ್ಲಿ ಉಳಿದದ್ದನ್ನು ಜಿಎಲ್-4 ಕೇಳುವ ಗೇರ್‌ಬಾಕ್ಸಿಗೆ ಸುರಿಯಬೇಡಿ, ಒಳಗಿನ ಹಿತ್ತಾಳೆ ಉಂಗುರಗಳಿಗೆ ಅದು ಒಗ್ಗದಿರಬಹುದು. ಒಂದೇ ಗಾಲಿ ಬರಿದೆ ತಿರುಗದಂತೆ ತಡೆಯುವ, ಕ್ಲಚ್ ಪ್ಲೇಟಿನ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಆಗಿದ್ದರೆ ಪುಸ್ತಕ ಹೇಳಿದಷ್ಟು ಫ್ರಿಕ್ಷನ್ ಮಾಡಿಫೈಯರ್ (ಪ್ಲೇಟುಗಳನ್ನು ನುಣುಪಾಗಿ ಜಾರಿಸುವ ಬೆರಕೆ) ಕೂಡ ಬೇಕು, ಇಲ್ಲವಾದರೆ ತಿರುವಿನಲ್ಲಿ ಹಿಂದಿನಿಂದ ಗಡಗಡ. ಹಾಕಿದ ಮೇಲೆ ಪ್ಲೇಟುಗಳ ನಡುವೆ ಎಣ್ಣೆ ಇಳಿಯಲೆಂದು ನಿಧಾನವಾಗಿ ಎಂಟರ ಆಕಾರದಲ್ಲಿ ಸುತ್ತಬೇಕು. ಸೈಟು ಮಾರಾಟವಾಗದ ಲೇಔಟು ಇದಕ್ಕೆ ಪ್ರಶಸ್ತ, ನವನಗರದ ಆಚೀಚೆ ಹುಡುಕಿದರೆ ಸಿಗುತ್ತದೆ. ವಾಚ್‌ಮನ್ ‘ಏನ್ ಕಳದೈತ್ರಿ?’ ಎಂದು ಬಂದೇ ಬರುತ್ತಾನೆ.

ಫರಸಿಯ ಕಲೆಗೆ ಕಟ್ಟಿಗೆ ಪುಡಿ ಸುರಿದು ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಗುಡಿಸಿ, ಬಟ್ಟೆ ಸೋಪಿನ ಪುಡಿಯಲ್ಲಿ ತಿಕ್ಕಿದರೆ ಮುಕ್ಕಾಲು ಹೋಗುತ್ತದೆ. ಹಳೇ ಎಣ್ಣೆ ಗಟಾರಕ್ಕೂ ಬೇಡ, ಹಿತ್ತಲಿಗೂ ಬೇಡ, ಗ್ಯಾರೇಜಿನ ಡ್ರಮ್ಮಿಗೆ ಕೊಡಿ. ‘ಗೇಟಿನ ಬಿಜಾಗರಿಗೆ ಎರಡ ಹನಿ ಕೊಡು’ ಎಂದು ಕಾಕಾ ವಾಟಿ ಹಿಡಿದು ಬಂದರೆ ಕೊಡುವ ಮೊದಲು ಒಮ್ಮೆ ಮೂಸಲು ಹೇಳಿ.