ಕುಂಬಳಕಾಯಿ ಕಳ್ಳನಿಗೇ ಹೆಗಲು ನೋಡುವ ಕೆಲಸ

ಚಿಕ್ಕಂದಿನಲ್ಲಿ ನಾನೂ ಸ್ಟಾಂಪ್ ಕೂಡಿಸುತ್ತಿದ್ದೆ. 'ಮ್ಯಾಗ್ಯಾರ್ ಪೋಸ್ಟಾ' ಎಂದು ಬರೆದ ಬಣ್ಣಬಣ್ಣದ ಸ್ಟಾಂಪುಗಳು ಅಂಗಡಿಯಲ್ಲಿ ಪ್ಯಾಕೆಟ್ ಲೆಕ್ಕದಲ್ಲಿ ಸಿಗುತ್ತಿದ್ದವು. ಅದು ಹಂಗೇರಿ ದೇಶದ್ದು ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ. ಆಗಿನ ಹಂಗೇರಿ ಅಂದರೆ ಸೋವಿಯತ್ ಬಣದ ದೇಶ. ಅಂದರೆ ಏಳನೇ ಕ್ಲಾಸಿನಲ್ಲೇ ನಾನು ಕಮ್ಯುನಿಸ್ಟ್ ಸರ್ಕಾರದ ಕಾಗದಪತ್ರಗಳನ್ನು ಜಾಮಿಟ್ರಿ ಬಾಕ್ಸಿನಲ್ಲಿ ಬಚ್ಚಿಟ್ಟುಕೊಂಡು ಓಡಾಡುತ್ತಿದ್ದೆ. ಯಾರೂ ಹಿಡಿಯಲಿಲ್ಲ, ನನ್ನ ಪುಣ್ಯ.

ಫೆಲಿಕ್ಸ್ ಬ್ಲಾಕ್ ಸಾಹೇಬರಿಗೆ ಅಷ್ಟು ಪುಣ್ಯ ಇರಲಿಲ್ಲ. 1958ರಿಂದ ಅಮೆರಿಕದ ವಿದೇಶಾಂಗ ಇಲಾಖೆಯಲ್ಲಿದ್ದವರು. ಹುಟ್ಟಿದ್ದು ಆಸ್ಟ್ರಿಯಾದ ವಿಯೆನ್ನಾದಲ್ಲಿ. ಮುಂದೆ ಅದೇ ವಿಯೆನ್ನಾದ ಅಮೆರಿಕನ್ ರಾಯಭಾರ ಕಚೇರಿಯಲ್ಲಿ ರಾಯಭಾರಿಯ ಪಕ್ಕದ ಕುರ್ಚಿವರೆಗೂ ಏರಿದರು. 1989ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಒಬ್ಬನ ಜೊತೆ ಕೂತು ಊಟ ಮಾಡಿದರು. ಊಟಕ್ಕೆ ಬರುವಾಗ ಕಪ್ಪು ಬ್ಯಾಗು ಬ್ಲಾಕ್ ಕೈಯಲ್ಲಿತ್ತು. ಹೋಗುವಾಗ ಆ ಇನ್ನೊಬ್ಬನ ಕೈಯಲ್ಲಿತ್ತು. ಅವನು ರೈನೋ ಗಿಕ್‌ಮನ್, ಫಿನ್ಲೆಂಡಿನವನು ಅಂತ ಹೇಳಿಕೊಂಡಿದ್ದ, ಸೋವಿಯತ್ ಗೂಢಚಾರ ಸಂಸ್ಥೆ ಕೆಜಿಬಿಯ ಆಸಾಮಿ.

ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಯವರು ಕೇಳಿದಾಗ ಬ್ಲಾಕ್ ಕೊಟ್ಟ ಉತ್ತರ ಬಲು ಸೊಗಸಾಗಿದೆ. ನನಗೆ ಅವನು ಪಿಯರ್ ಅಂತಲೇ ಗೊತ್ತು, ನನ್ನ ಹಾಗೇ ಸ್ಟಾಂಪ್ ಕೂಡಿಸೋನು, ಬ್ಯಾಗಲ್ಲಿ ಇದ್ದದ್ದೂ ಸ್ಟಾಂಪೇ ಎಂದರು. ಪ್ಯಾರಿಸ್ಸಿನಲ್ಲಿ ಇಬ್ಬರ ಮೇಲೂ ಕಣ್ಣಿಡಲಾಗಿತ್ತು. ಆದರೆ ಬ್ಯಾಗಿನ ಒಳಗೆ ಏನಿದೆ ಅಂತ ಯಾರೂ ನೋಡಲಿಲ್ಲ. ಮುಂದಿನ ಕಥೆಯೆಲ್ಲ ಆ ಬಿಚ್ಚದ ಬ್ಯಾಗಿನ ಮೇಲೆ ನಿಂತಿದೆ.

ಜೂನ್ 22ರ ಬೆಳಗಿನ ಜಾವ ಬ್ಲಾಕ್ ಮನೆಗೆ ಒಂದು ಫೋನ್ ಬಂತು. ಪಿಯರ್ ಪರವಾಗಿ ಮಾತಾಡುತ್ತಿದ್ದೇನೆ, ಅವನಿಗೆ ಹುಷಾರಿಲ್ಲ, ಸದ್ಯಕ್ಕೆ ಸಿಗೋಕಾಗಲ್ಲ, ಅಂಟುರೋಗ ಇರಬಹುದು ಅಂತ ಅನುಮಾನ, ನೀವೂ ಜೋಪಾನ. ಇದು ಕೆಜಿಬಿಯ ಗುಪ್ತ ಭಾಷೆ! ನಮ್ಮ ಕಡೆ ಶಾಲೆಗೆ ಚಕ್ಕರ್ ಹೊಡೆಯುವ ಹುಡುಗರು ಇದಕ್ಕಿಂತ ಚೆನ್ನಾಗಿ ರಜಾ ಚೀಟಿ ಬರೆಯುತ್ತಾರೆ. ಫೋನಿಗೆ ಕಿವಿ ಕೊಟ್ಟಿದ್ದ ಎಫ್‌ಬಿಐ ಅದೇ ದಿನ ಬ್ಲಾಕ್ ಅವರನ್ನು ಕೂರಿಸಿಕೊಂಡು ವಿಚಾರಿಸಿತು. ಅವರು ಏನನ್ನೂ ಒಪ್ಪಿಕೊಳ್ಳಲಿಲ್ಲ.

ಜುಲೈನಲ್ಲಿ ಸುದ್ದಿ ಹೊರಗೆ ಬಿತ್ತು, ಜಾತ್ರೆ ಶುರುವಾಯಿತು. ಎಬಿಸಿ ಚಾನೆಲ್ ಜುಲೈ 21ರ ರಾತ್ರಿ ವಾರ್ತೆಯಲ್ಲಿ ಒಂದು ದೃಶ್ಯ ತೋರಿಸಿತು. ಮಸುಕು ಮಸುಕು ಚಿತ್ರ. ಬ್ಲಾಕ್ ಥರ ಇರುವ ಒಬ್ಬ ಮನುಷ್ಯ ಇನ್ನೊಬ್ಬನ ಕೈಗೆ ಬ್ರೀಫ್‌ಕೇಸ್ ದಾಟಿಸುತ್ತಿದ್ದಾನೆ. ನೋಡಿದವರು ಅಬ್ಬಾ, ಸಿಕ್ಕಿಬಿದ್ದ ಅಂದುಕೊಂಡರು. ಅಸಲಿಗೆ ಅದು ನಾಟಕ. ಚಾನೆಲ್ಲಿನವರೇ ವೇಷ ಹಾಕಿಸಿ ಮಾಡಿಸಿದ ದೃಶ್ಯ. ಇದು ನಿಜವಾದದ್ದಲ್ಲ ಎಂಬ ಬರಹವನ್ನು ತೆರೆಯ ಮೇಲೆ ಹಾಕಬೇಕಿತ್ತು, ಅದು ತಪ್ಪಿಹೋಯಿತು. ಆಮೇಲೆ ನಿರೂಪಕ ಪೀಟರ್ ಜೆನ್ನಿಂಗ್ಸ್ ಕ್ಷಮೆ ಕೇಳಿದರು. ಸರ್ಕಾರದ ಹತ್ತಿರ ಇಲ್ಲದ ಸಾಕ್ಷಿಯನ್ನು ಟಿವಿಯವರು ತಯಾರಿಸಿದ್ದರು. ನಮ್ಮ ಚಾನೆಲ್‌ಗಳ ಗ್ರಾಫಿಕ್ಸ್ ನೋಡಿ ನಗುವವರು ಇದನ್ನೂ ಸ್ವಲ್ಪ ನೆನಪಿಟ್ಟುಕೊಳ್ಳಿ.

ಆ ಬೇಸಿಗೆಯಲ್ಲಿ ಬ್ಲಾಕ್ ವಾಕಿಂಗ್ ಹೊರಟರೆ ಅದು ತೇರಿನ ಮೆರವಣಿಗೆ. ಮುಂದೆ ಉತ್ಸವಮೂರ್ತಿ, ಹಿಂದೆ ಎಫ್‌ಬಿಐ, ಅದರ ಹಿಂದೆ ಕ್ಯಾಮೆರಾ ಹೊತ್ತ ಭಕ್ತರು. ಗುಟ್ಟಾಗಿ ಹಿಂಬಾಲಿಸುವುದು ಅಂದರೆ ಇದೇನಾ? ಸಾಹೇಬರು ಬೆಂಚಿನ ಮೇಲೆ ಕೂತರೆ ಎಲ್ಲರೂ ಕೂರಬೇಕು, ಎದ್ದರೆ ಏಳಬೇಕು. ಮಹಾಮಂಗಳಾರತಿ ಒಂದು ಬಾಕಿ.

ಇಷ್ಟೆಲ್ಲ ಆಗಿ ಕೇಸು? ಬೀಳಲಿಲ್ಲ. 1990ರಲ್ಲಿ ಕೆಲಸದಿಂದ ತೆಗೆದರು, ಪಿಂಚಣಿಯನ್ನೂ ಕೊಡಲಿಲ್ಲ. ಗೂಢಚಾರ ಎಂದು ಕೋರ್ಟಿಗೆ ಮಾತ್ರ ಯಾರೂ ಎಳೆಯಲಿಲ್ಲ. ಸಾಹೇಬರು ನಾರ್ತ್ ಕ್ಯಾರೊಲೈನಾದ ಚಾಪೆಲ್ ಹಿಲ್ ಊರು ಸೇರಿ ಸೂಪರ್‌ಮಾರ್ಕೆಟ್‌ನಲ್ಲಿ ಗಿರಾಕಿಗಳ ಸಾಮಾನು ಚೀಲಕ್ಕೆ ತುಂಬಿಸಿದರು, ಸಿಟಿ ಬಸ್ಸು ಓಡಿಸಿದರು. ನಡುವೆ ಒಂದು ಕೇಸಂತೂ ಬಿತ್ತು: ಅಂಗಡಿಯಲ್ಲಿ ದಿನಸಿ ಕದ್ದದ್ದು! ಒಂದು ಮಹಾಶಕ್ತಿ ವರ್ಷಗಟ್ಟಲೆ ಬೆನ್ನು ಹತ್ತಿದರೂ ಮಾಡಲಾಗದ್ದನ್ನು ಒಂದು ಕಿರಾಣಿ ಅಂಗಡಿ ಮಾಡಿ ತೋರಿಸಿತು. ಅವರು ಬ್ಯಾಗು ಬಿಚ್ಚಿ ನೋಡಿದ್ದರು, ಅಷ್ಟೇ ವ್ಯತ್ಯಾಸ.

ಸರಿ, ಆ ಅಂಟುರೋಗದ ಸುದ್ದಿಯನ್ನು, ಅಂದರೆ ಬ್ಲಾಕ್ ಮೇಲೆ ಕಣ್ಣು ಬಿದ್ದಿದೆ ಎಂಬುದನ್ನು, ಕೆಜಿಬಿಗೆ ಮುಟ್ಟಿಸಿದವರು ಯಾರು? ಒಳಗೆ ಯಾರೋ ಇದ್ದಾರೆ ಅನ್ನುವುದು ಎಲ್ಲರಿಗೂ ಗೊತ್ತಾಯಿತು. ಎಫ್‌ಬಿಐ ತಲೆ ಕೆಡಿಸಿಕೊಂಡು ಹುಡುಕಿತು. ಹುಡುಕಿ ಹುಡುಕಿ ಕೊನೆಗೆ ಅಮೆರಿಕದ್ದೇ ಗೂಢಚಾರ ಸಂಸ್ಥೆ ಸಿಐಎಯ ಬ್ರಿಯಾನ್ ಕೆಲ್ಲಿ ಎಂಬವರ ಮುಂದೆ ಬಂದು ನಿಂತಿತು. ಈ ಕೆಲ್ಲಿ ಯಾರು ಗೊತ್ತಾ? ಗಿಕ್‌ಮನ್‌ಗೂ ಬ್ಲಾಕ್‌ಗೂ ನಂಟಿದೆ ಎಂದು ಪತ್ತೆ ಹಚ್ಚಲು ಕಾರಣವಾದವರು! ಕಳ್ಳ ಕಳ್ಳ ಅಂತ ಕೂಗಿದವನನ್ನೇ ಹಿಡಿದು ಕಂಬಕ್ಕೆ ಕಟ್ಟಿದರು.

ಕೆಲ್ಲಿ ಮನೆಯಲ್ಲಿ ಒಂದು ಮ್ಯಾಪ್ ಸಿಕ್ಕಿತು. ಅದರ ಮೇಲೆ ಪೆನ್ನಿನಲ್ಲಿ ಗುರುತು ಹಾಕಿ ಏನೇನೋ ಸಮಯ ಬರೆದಿತ್ತು. ಗುಪ್ತ ಪೊಟ್ಟಣ ಬಚ್ಚಿಡುವ ಜಾಗಗಳಿವು ಅಂತ ಅಧಿಕಾರಿಗಳು ಕುಣಿದರು. ಅದು ಆ ಮನುಷ್ಯ ಜಾಗಿಂಗ್ ಮಾಡುವ ದಾರಿ. ಇನ್ನೊಮ್ಮೆ ರಷ್ಯನ್ನರ ಕಡೆಯವನ ಹಾಗೆ ಮಾತಾಡುವ ಒಬ್ಬನನ್ನು ಅವರ ಮನೆಬಾಗಿಲಿಗೇ ಕಳಿಸಿ, ನಿಮ್ಮ ಗುಟ್ಟು ರಟ್ಟಾಗಿದೆ, ಓಡಿ ಎಂದು ಹೇಳಿಸಿದರು. ಕೆಲ್ಲಿ ಓಡಲಿಲ್ಲ. ಮಾರನೇ ದಿನ ಹೋಗಿ ಅಧಿಕಾರಿಗಳಿಗೆ ವರದಿ ಮಾಡಿದರು. ನಿರಪರಾಧಿ ಮಾಡುವುದೇ ಅದು, ಅಲ್ವಾ? ಎಫ್‌ಬಿಐ ಲೆಕ್ಕ ಬೇರೆ. ಎಷ್ಟು ಹುಡುಕಿದರೂ ಏನೂ ಸಿಗುತ್ತಿಲ್ಲ ಅಂದಮೇಲೆ ಇವನು ಎಂಥ ಪಾಕಡಾ ಇರಬೇಕು! 1999ರಲ್ಲಿ ಕೆಲ್ಲಿಯನ್ನು ರಜೆ ಮೇಲೆ ಮನೆಗೆ ಕಳಿಸಿದರು. ಒಂದೂವರೆ ವರ್ಷಕ್ಕೂ ಜಾಸ್ತಿ ಅವರು ಮನೆಯಲ್ಲೇ ಕೂತರು.

ನಿಜವಾದ ಆಸಾಮಿ ಎಲ್ಲಿದ್ದ? ಎಫ್‌ಬಿಐ ಒಳಗೇ. ಹೆಸರು ರಾಬರ್ಟ್ ಹ್ಯಾನ್ಸೆನ್. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನೋಣವೆಂದರೆ ಇದು ಅದಕ್ಕಿಂತ ಒಂದು ಕೈ ಮೇಲೆ. ಬ್ಲಾಕ್ ಪ್ರಸಂಗಕ್ಕೆ ಸ್ವಲ್ಪ ಮೊದಲು, ನಮ್ಮೊಳಗಿನ ದ್ರೋಹಿ ಯಾರು ಎಂದು ಹಳೇ ಕಡತಗಳನ್ನೆಲ್ಲ ತಡಕಾಡಿ ವರದಿ ಕೊಡುವ ಕೆಲಸ ಬಂದಿತ್ತು. ಆ ಕೆಲಸ ಬಿದ್ದದ್ದು ಇದೇ ಹ್ಯಾನ್ಸೆನ್ ಟೇಬಲ್ ಮೇಲೆ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ ನಮ್ಮಲ್ಲಿ. ಇಲ್ಲಿ ಕಳ್ಳನ ಕೈಗೇ ಪೆನ್ನು, ಪ್ಯಾಡು ಕೊಟ್ಟು ಎಲ್ಲರ ಹೆಗಲೂ ನೋಡಿ ಬರೆದುಕೊಂಡು ಬಾ ಎಂದರು. ಅವನ ಹೆಗಲೊಂದು ಬಿಟ್ಟು ಎಲ್ಲರ ಹೆಗಲೂ ತಪಾಸಣೆ ಆಗಿರಬೇಕು, ಬಿಡಿ.

ಬ್ಲಾಕ್ ಮೇಲೆ ಕಣ್ಣಿಟ್ಟಿದ್ದಾರೆ ಎಂದು ಕೆಜಿಬಿಗೆ ತಿಳಿಸಿದವನೂ ಇವನೇ. ಆಮೇಲೆ ರಷ್ಯನ್ನರಿಗೆ ಬರೆದ ಪತ್ರದಲ್ಲಿ ಬ್ಲಾಕ್ ಒಬ್ಬ ದಡ್ಡ, ಅವನನ್ನು ಕಾಪಾಡಲು ಮನಸ್ಸೇ ಇರಲಿಲ್ಲ, ನಿಮ್ಮ ಸ್ನೇಹಿತ ಅಂತ ಕಾಪಾಡಿದೆ ಅಂತ ಬೇರೆ ಹೇಳಿಕೊಂಡಿದ್ದಾನೆ. ಕಳ್ಳರಲ್ಲೂ ಮೇಲುಕೀಳು ನೋಡಿ.

ಹ್ಯಾನ್ಸೆನ್ ಸಿಕ್ಕಿದ್ದೂ ಎಫ್‌ಬಿಐ ಬುದ್ಧಿಗಿಂತ ಅದರ ಕಾಸಿನಿಂದ. ಒಬ್ಬ ಮಾಜಿ ಕೆಜಿಬಿ ಅಧಿಕಾರಿಗೆ 70 ಲಕ್ಷ ಡಾಲರ್ ಕೊಟ್ಟು ಅವರದೇ ಕಡತ ಕೊಂಡರು. ಜೊತೆಗೆ ಆ ಒಳಗಿನ ದ್ರೋಹಿಯ ಮಾತಿದ್ದ ಒಂದು ಟೇಪ್ ಬಂತು. ಕೆಲ್ಲಿಯ ದನಿ ಕೇಳುತ್ತದೆ ಅಂತ ಕಿವಿ ನೆಟ್ಟಗೆ ಮಾಡಿ ಕೂತವರಿಗೆ ಪಕ್ಕದ ಟೇಬಲ್ಲಿನವನ ದನಿ ಕೇಳಿಸಿತು.

2001ರ ಫೆಬ್ರವರಿ 18. ಪಾರ್ಕಿನ ಸೇತುವೆಯ ಕೆಳಗೆ ಕಾಗದಪತ್ರದ ಕಟ್ಟು ಇಟ್ಟು ಬರುವಾಗ ಹ್ಯಾನ್ಸೆನ್‌ನನ್ನು ಹಿಡಿದರು. ವರ್ಜೀನಿಯಾದ ಆ ಊರಿನ ಹೆಸರೂ ವಿಯೆನ್ನಾ, ಕಥೆಗಾರ ಬರೆದಿದ್ದರೆ ಅತಿಯಾಯಿತು ಅನ್ನುತ್ತಿದ್ದೆವು. ಕೋಳ ಹಾಕಲು ಬಂದವರನ್ನು ಅವನು ಕೇಳಿದ್ದು ಒಂದೇ ಪ್ರಶ್ನೆಯಂತೆ: ಇಷ್ಟು ತಡ ಯಾಕಾಯ್ತು?

ಪಾಪ, ಏನು ಹೇಳಿಯಾರು. ಜಾಗಿಂಗ್ ಮ್ಯಾಪ್ ಓದುತ್ತಾ ಕೂತಿದ್ದರು.