ಕುದರಿ ಮಿಂಚಬೇಕಂದ್ರ

ನಮ್ಮ ಕಾಕಾ ಹುಬ್ಬಳ್ಳ್ಯಾಗ ಮದುವಿ ಮೆರವಣಿಗಿಗೆ ಕುದರಿ ಬಾಡಿಗಿ ಕೊಡ್ತಾನ. ಇರೂದು ಒಂದ ಕುದರಿ, ಲಕ್ಷ್ಮಿ ಅಂತ, ಕಂದು ಬಣ್ಣ, ಸ್ವಭಾವ ಬಂಗಾರ. ಸೀಸನ್ ಶುರು ಆಗೂ ಮುಂದ ಯಾರೋ ಬೀಗರು ಬಂದು "ಏನ್ರಿ ಇದು, ಹಳೇ ಗೋಣಿಚೀಲದಂಗ ಕಾಣ್ತೈತಿ" ಅಂದು ಹೋದ್ರು ನೋಡ್ರಿ, ಕಾಕಾನ ನಿದ್ದಿ ಹಾರಿತು.

ಸಲಹಾಕ್ಕೇನ್ ಬರಗಾಲ ನಮ್ಮ ಓಣ್ಯಾಗ? ಕಾಕು ಅಗಸಿ ಹಾಕ್ರಿ ಅಂದ್ಲು. ಅದು ಖರೇನ ಐತಿ, ಅಗಸಿಯೊಳಗ ಒಮೆಗಾ-3 ಇರ್ತೈತಿ, ಕುದರಿ ಕೂದಲಕ್ಕ ಛಲೋ, ಮೊದಲಿಂದಲೂ ಕುದಿಸಿ ಹಾಕ್ತಾರ. ಆದ್ರ ಕಾಕಾ ಚಟ್ನಿಪುಡಿಗೆ ಇಟ್ಟಿದ್ದ ಅಗಸೀನ ಪೂರಾ ಕುದಿಸಿ ಬಕೆಟ್ಟಿಗೆ ಸುರುವಿದ, ಮನಿ ಮಂದಿಗೆ ರೊಟ್ಟಿಗೆ ಬರೇ ಉಳ್ಳಾಗಡ್ಡಿ.

ಗರಡಿಮನಿ ಪೈಲ್ವಾನ ಮಾಮಾ "ದಿನಾ ಹಸೀ ತತ್ತಿ ಹಾಕೋ, ನನ್ನ ಮೈ ನೋಡ" ಅಂದ. ನೋಡಿದ್ವಿ, ಮೈಯೇನೋ ಮಿಂಚತಿತ್ತು, ತಲಿಮ್ಯಾಲ ಒಂದ ಕೂದಲಿಲ್ಲ. ಅಷ್ಟರಾಗ ಅಂಗಡ್ಯಾವ ಬಯೋಟಿನ್ ಅನ್ನೂ ವಿಟಮಿನ್ ಡಬ್ಬಿ ಹಚ್ಚಿದ್ದ. ಹಸೀ ತತ್ತಿ ಬಿಳೇ ಭಾಗದಾಗ ಅವಿಡಿನ್ ಅಂತ ಒಂದು ಪ್ರೋಟೀನ್ ಇರ್ತೈತಿ, ಅದು ಬಯೋಟಿನ್ನ ಗಟ್ಟಿ ಹಿಡಕೊಂಡು ಮೈಗೆ ಹತ್ತಲಾರದಂಗ ಮಾಡ್ತೈತಿ, ಅಂದ್ರ ರೊಕ್ಕ ಕೊಟ್ಟು ಒಂದು ತಂದು, ಇನ್ನೊಮ್ಮೆ ರೊಕ್ಕ ಕೊಟ್ಟು ಅದನ್ನ ಕೆಡಸೂದು. ಮ್ಯಾಲ ಬಯೋಟಿನ್ ಕೆಲಸ ಮಾಡೂದು ಹೆಚ್ಚಾಗಿ ಗೊರಸಿಗೆ, ಅದೂ ತಿಂಗಳುಗಟ್ಟಲೆ ಹಾಕಿದ್ರ, ಯಾಕಂದ್ರ ಗೊರಸು ತಿಂಗಳಿಗೆ ಒಂದು ಸೆಂಟಿಮೀಟರ್ ಬೆಳದ್ರ ಭಾಳಾತು.

ಮದುವಿ ಹತ್ರ ಬಂತು, ಕಾಕಾಗ ತಡಕೊಳ್ಳಾಕ ಆಗಲಿಲ್ಲ, ಕುಸುಬಿ ಎಣ್ಣಿ ತಂದು ದಾಣಿಯೊಳಗ ಕೈ ಬಿಚ್ಚಿ ಹೊಯ್ದ. ಎಣ್ಣಿ ಅರಗಿಸೂ ಪಿತ್ತರಸ ಕೂಡಿಡೂ ಪಿತ್ತಕೋಶನ ಕುದರಿಗೆ ಇರಂಗಿಲ್ಲ, ಆದ್ರೂ ಎಣ್ಣಿ ಅರಗಿಸ್ಕೊತಾವ, ಸ್ವಲ್ಪ ಸ್ವಲ್ಪ ಹೆಚ್ಚು ಮಾಡ್ಕೋತ ಹೋಗಬೇಕಷ್ಟ. ಕಾಕಾನ ಡಿಕ್ಷನರ್‍ಯಾಗ ಸ್ವಲ್ಪ ಅನ್ನೂದ ಇಲ್ಲ. ಮೆರವಣಿಗಿ ದುರ್ಗದಬೈಲ್ ಹತ್ರ ಬರೂ ಹೊತ್ತಿಗೆ ಲಕ್ಷ್ಮಿ ಹೊಟ್ಟಿ ಸಡಿಲಾತು, ಹಿಂದ ಬೆಳ್ಳಗಿನ ಧೋತರ ಉಟ್ಟ ಬೀಗರು, ಬ್ಯಾಂಡಿನವರು ಬಾರಿಸೂದು ಬಿಟ್ಟು ಓಡಿದ್ರು, ಮದುಮಗ ಮಾತ್ರ ಮ್ಯಾಲ ಕುಂತು ಬಾಸಿಂಗದ ಸಂದ್ಯಾಗಿಂದ ಏನಾತು ಏನಾತು ಅಂತ ಕೇಳಾಕತ್ತಿದ್ದ, ಪಾಪ. ಬಾಡಿಗಿ ಬರಲಿಲ್ಲ, ಧೋತರದ ರೊಕ್ಕ ಕೊಡಬೇಕಾತು.

ಕಡೀಕ ದನದ ಡಾಕ್ಟರು ಬಂದು ಲದ್ದಿ ಟೆಸ್ಟ್ ಮಾಡಿಸಿದ್ರ ಒಳಗ ಜಂತುಹುಳದ ಸಂಸಾರ. "ಇಷ್ಟ ದಿನ ನೀವು ಹಾಕಿದ್ದನ್ನ ಉಂಡವರು ಇವರ್‍ರಿ" ಅಂದ್ರು. ಬಕೆಟ್ಟಿನ ಪಕ್ಕಕ್ಕ ಶಾಂಪೂ ಪಾಕೀಟಿನ ರಾಶಿ ಕಂಡು ಹಣಿ ಹಣಿ ಬಡಕೊಂಡ್ರು, ಚರ್ಮದ್ದ ಎಣ್ಣಿ ತೊಳದು ತಗದು ಮ್ಯಾಲಿಂದ ಹೊಟ್ಟಿಗೆ ಎಣ್ಣಿ ಹಾಕ್ತೀರಲ್ಲ ಅಂತ. ಹುಳದ ಔಷಧ ಕೊಟ್ಟು, ದಿನಾ ಬ್ರಷ್ ಹಚ್ಚಿ ಮಾಲೀಸು ಮಾಡ್ರಿ ಅಂತ ಹೇಳಿ ಹೋದ್ರು. ಕಾಕಾ ಆ ಕೆಲಸ ನನ್ನ ಕೊರಳಿಗೆ ಕಟ್ಟಿದ.

ಈಗ ಲಕ್ಷ್ಮಿ ಮಿಂಚಾಕತ್ತಾಳ. ಕಾಕು ತನ್ನ ಅಗಸಿ ಅಂತಾಳ, ಕಾಕಾ ಡಬ್ಬಿ ಅಂತಾನ, ನನ್ನ ರಟ್ಟಿ ನೋವಿನ ಸುದ್ದಿ ಯಾರೂ ಎತ್ತಂಗಿಲ್ಲ. ಮೊನ್ನೆ ಪೈಲ್ವಾನ ಮಾಮಾ ಬಂದು ಆ ಬಯೋಟಿನ್ ಡಬ್ಬಿ ಲೇಬಲ್ ಭಾಳ ಹೊತ್ತು ಓದಿ, ಯಾರಿಗೂ ಕೇಳಬಾರದಂಗ ನನ್ನ ಕಿವಿ ಹತ್ರ ಬಂದು "ಇದು ಮನಷ್ಯಾರಿಗೂ ನಡೀತೈತೇನೋ?" ಅಂದ.