ನಾಲ್ಕು ವೈರು ಸರಿಯಾಗಿ ಕಟ್ಟಲಾಗದೆ?
ಬ್ರೇಕ್ ಡ್ರಮ್ಮು ಕಾದು ನೀಲಿಗಟ್ಟಿದ ಇನ್ನೊಂದು ಟ್ರೇಲರ್! ಸಾಕಾಗಿ ಹೋಗಿದೆ. ಅಮೆರಿಕದ ಪಿಕಪ್‌ಗಳಿಗೆ ಹಾಕುವ, ಹಿಂದಿನ ಟ್ರೇಲರಿನ ಎಲೆಕ್ಟ್ರಿಕ್ ಬ್ರೇಕಿಗೆ ಕರೆಂಟು ಕಳಿಸುವ ಬ್ರೇಕ್ ಕಂಟ್ರೋಲರ್‌ಗೆ ಇರುವುದೇ ನಾಲ್ಕು ವೈರು: ಕಪ್ಪು ಬ್ಯಾಟರಿಗೆ, ಬಿಳಿ ಅರ್ತ್‌ಗೆ, ಕೆಂಪು ಬ್ರೇಕ್ ಸ್ವಿಚ್ಚಿಗೆ, ನೀಲಿ ಟ್ರೇಲರ್ ಬ್ರೇಕಿಗೆ. ಕೆಂಪನ್ನು ಸ್ವಿಚ್ಚಿನ ಸದಾ ಕರೆಂಟಿರುವ ಬದಿಗೆ ಕಟ್ಟಿದರೆ ಪೆಡಲ್ ಮುಟ್ಟದಿದ್ದರೂ ಬ್ರೇಕ್ ಹಿಡಿದೇ ಇರುತ್ತದೆ. ಟೆಸ್ಟರ್ ಹಚ್ಚಿ, ಪೆಡಲ್ ಒತ್ತಿದಾಗ ಮಾತ್ರ ಉರಿಯುವ ವೈರು ಹುಡುಕಲು ಎರಡು ನಿಮಿಷವೂ ಇಲ್ಲವೇ?

ಬಿಳಿ ವೈರಂತೂ ಯಾವಾಗಲೂ ಪೇಂಟ್ ಕೆರೆಯದ ಯಾವುದೋ ಬೋಲ್ಟಿಗೆ. ಎರಡು ಆಕ್ಸಲ್ಲಿಗೆ ಬ್ರೇಕ್ ಹಿಡಿಸುವ ನಾಲ್ಕು ಮ್ಯಾಗ್ನೆಟ್, ಚಕ್ರಕ್ಕೊಂದು, ಒಂದೊಂದಕ್ಕೆ ಸುಮಾರು 3 ಆಂಪ್. ಆ 12 ಆಂಪನ್ನು ಟೇಲ್ ಲ್ಯಾಂಪಿನ ತೆಳು ವೈರಿನಲ್ಲಿ, ತುಕ್ಕು ಹಿಡಿದ ಕ್ಲಿಪ್ಪಿನ ಮೂಲಕ ಕಳಿಸಿದರೆ ವೋಲ್ಟೇಜ್ ಚಕ್ರದವರೆಗೆ ಮುಟ್ಟುವುದು ಹೇಗೆ? ಆಮೇಲೆ ‘ಗೇನ್ (ಬ್ರೇಕಿಗೆ ಕಳಿಸುವ ಕರೆಂಟಿನ ಮಟ್ಟ) ಎಷ್ಟು ಏರಿಸಿದರೂ ಬ್ರೇಕೇ ಹಿಡಿಯುತ್ತಿಲ್ಲ’ ಅನ್ನುವ ಗೋಳು ಬೇರೆ!